ಧಾರವಾಡದ ಕಿಟಕಿಯಲ್ಲಿ ಆಫ್ರಿಕನ್ ವಯೊಲೆಟ್: ಬೆಳೆಸುವ ಮತ್ತು ತಳಿ ಸಂಗ್ರಹಿಸುವ ಕ್ರಮ

ನಮ್ಮ ಕಡೆಯ ನರ್ಸರಿಯಲ್ಲಿ ‘ವಯೊಲೆಟ್’ ಕೇಳಿದರೆ ಎರಡು ಬೇರೆ ಬೇರೆ ಗಿಡಗಳಲ್ಲಿ ಯಾವುದಾದರೂ ಒಂದು ಕೈಗೆ ಬರಬಹುದು. ಚಳಿಗಾಲದಲ್ಲಿ ಅಂಗಳದ ಮಡಿಗಳಲ್ಲಿ ಮುಖದಂತಹ ಹೂ ಬಿಡುವ ಪ್ಯಾನ್ಸಿ ನಿಜವಾದ ವಯೊಲೆಟ್ ಕುಲದ್ದು. ಯುನಾನಿ ಅಂಗಡಿಯಲ್ಲಿ ಸಿಗುವ ಬನಫ್ಶಾ ಕೂಡ ಅದೇ ಕುಲಕ್ಕೆ ಸೇರಿದೆ. ಮನೆಯೊಳಗೆ ಅಂಗೈಯಗಲದ ಕುಂಡದಲ್ಲಿ, ಮಖಮಲ್ಲಿನಂತಹ ಎಲೆಗಳ ನಡುವೆ ವರ್ಷದ ಬಹುಕಾಲ ಹೂ ಹೊತ್ತು ನಿಲ್ಲುವ ಆಫ್ರಿಕನ್ ವಯೊಲೆಟ್‌ಗೆ ಇವುಗಳೊಡನೆ ಹೂವಿನ ಬಣ್ಣದ ಹೋಲಿಕೆಯ ಹೊರತು ಬೇರೆ ಯಾವ ನಂಟೂ ಇಲ್ಲ. ಅದು ಗೆಸ್ನೇರಿಯೇಸಿ ಎಂಬ ಬೇರೆಯೇ ಕುಟುಂಬದ ಸಸ್ಯ. ಈ ಬರಹ ಅದರ ಕುರಿತಾದದ್ದು, ಮತ್ತು ಮುಖ್ಯವಾಗಿ ಹುಬ್ಬಳ್ಳಿ–ಧಾರವಾಡದ ಹವೆಯಲ್ಲಿ ಅದನ್ನು ಬೆಳೆಸಿ, ಒಂದೊಂದಾಗಿ ತಳಿಗಳನ್ನು ಕೂಡಿಸಬೇಕೆನ್ನುವವರಿಗಾಗಿ ಬರೆದದ್ದು.

ಬಂಡೆಯ ಗಿಡ

ಇಂದಿನ ತಾಂಜಾನಿಯಾದ ಉಸಂಬಾರಾ ಬೆಟ್ಟಗಳ ಸೀಮೆಯಲ್ಲಿ ಜರ್ಮನ್ ಆಡಳಿತಾಧಿಕಾರಿಯಾಗಿದ್ದ ವಾಲ್ಟರ್ ಫಾನ್ ಸೇಂಟ್ ಪಾಲ್ ಎಂಬಾತ 1892ರ ಹೊತ್ತಿಗೆ ಈ ಗಿಡವನ್ನು ಗಮನಿಸಿ, ಜರ್ಮನಿಯಲ್ಲಿದ್ದ ತನ್ನ ತಂದೆಗೆ ಕಳುಹಿಸಿದ. ಹ್ಯಾನೋವರ್ ನಗರದ ಹೆರೆನ್‌ಹೌಸೆನ್ ಉದ್ಯಾನದ ಹರ್ಮನ್ ವೆಂಡ್‌ಲಾಂಡ್ ಅದನ್ನು 1893ರಲ್ಲಿ ವರ್ಣಿಸಿ, ಆ ಕುಟುಂಬದ ಹೆಸರಿನಲ್ಲಿಯೇ ಸೇಂಟ್‌ಪೌಲಿಯಾ ಅಯೊನಾಂಥಾ ಎಂದು ಕರೆದ. ಗ್ರೀಕ್ ಮೂಲದ ಅಯೊನಾಂಥಾ ಎಂದರೆ ವಯೊಲೆಟ್‌ನಂತಹ ಹೂವುಳ್ಳದ್ದು ಎಂದರ್ಥ. ಹೆಸರಿನ ಗೊಂದಲ ಅಲ್ಲಿಂದಲೇ ಶುರುವಾಯಿತು. ವಂಶವಾಹಿಗಳ ಅಧ್ಯಯನದ ನಂತರ 2015ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಸ್ಟ್ರೆಪ್ಟೊಕಾರ್ಪಸ್ ಕುಲದೊಳಗೆ ಸೇರಿಸಿದ್ದಾರಾದರೂ, ಬೆಳೆಸುವವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಬೆಳೆಸುವವರಿಗೆ ಇತಿಹಾಸಕ್ಕಿಂತ ಹೆಚ್ಚಾಗಿ ಬೇಕಾದ ಸಂಗತಿಯೆಂದರೆ ಅದು ಹುಟ್ಟಿದ ಜಾಗದ ಸ್ವಭಾವ. ಕಾಡಿನ ನೆರಳಿನಲ್ಲಿ, ಪಾಚಿ ಹಿಡಿದ ಬಂಡೆಗಳ ಸಂದಿಯಲ್ಲಿ, ಬೆರಳುದ್ದವೂ ಇಲ್ಲದ ಎಲೆಗೊಬ್ಬರದ ಪದರದಲ್ಲಿ ಅದು ಬೇರೂರುತ್ತದೆ. ಅಲ್ಲಿ ಬೇರಿಗೆ ತೇವ ಸದಾ ಸಿಗುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಬೆಳಕು ಸಿಗುತ್ತದೆ, ಆದರೆ ಬಿಸಿಲು ಬೀಳುವುದಿಲ್ಲ. ಇದು ಕಲ್ಪನೆಗೆ ಬಾರದಿದ್ದರೆ ಮಳೆಗಾಲದಲ್ಲಿ ದಾಂಡೇಲಿ ದಾಟಿ ಕ್ಯಾಸಲ್‌ರಾಕ್ ಕಡೆಗೆ ಹೋಗಿ ನೋಡಬಹುದು: ಘಟ್ಟದ ತೊಟ್ಟಿಕ್ಕುವ ಕಲ್ಲುಗಳ ಮೇಲೆ ಸಣ್ಣ ನೀಲಿ ಹೂ ಬಿಡುವ ರಿಂಕೋಗ್ಲಾಸಮ್ ಎಂಬ ಗಿಡ ಇದೇ ಕುಟುಂಬದ ನಮ್ಮ ನೆಲದ ಬಂಧು, ಅದರ ವಾಸವೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಕುಂಡ, ಮಿಶ್ರಣ, ನೀರು, ಕಿಟಕಿ ಯಾವುದರ ಬಗ್ಗೆ ಸಂಶಯ ಬಂದರೂ ಆ ಬಂಡೆಯ ಸಂದಿಯನ್ನು ನೆನೆದುಕೊಂಡರೆ ಉತ್ತರ ಸಾಮಾನ್ಯವಾಗಿ ತಾನಾಗಿಯೇ ಹೊಳೆಯುತ್ತದೆ.

ಮಣ್ಣಿಲ್ಲದ ಮಣ್ಣು

ಹುಬ್ಬಳ್ಳಿಯಿಂದ ಗದಗಿನವರೆಗಿನ ಎರೆ ಮಣ್ಣು ಹತ್ತಿಗೆ, ಜೋಳಕ್ಕೆ, ಕಡಲೆಗೆ ಎಷ್ಟು ಒಳ್ಳೆಯದೋ ಈ ಗಿಡಕ್ಕೆ ಅಷ್ಟೇ ಕೆಟ್ಟದ್ದು. ನೆನೆದಾಗ ಉಬ್ಬಿ ಗಾಳಿಯಾಡದಂತೆ ಮುಚ್ಚಿಕೊಳ್ಳುವ, ಒಣಗಿದಾಗ ಬಿರಿದು ಎಳೆ ಬೇರುಗಳನ್ನು ಹರಿಯುವ ಮಣ್ಣಿನಲ್ಲಿ ಕೂದಲಿನಷ್ಟು ತೆಳುವಾದ ಬೇರು ಉಳಿಯಲಾರದು. ಧಾರವಾಡದ ಮಸಾರಿ ಮಣ್ಣು ಸ್ವಲ್ಪ ವಾಸಿಯಾದರೂ ಪುಟ್ಟ ಕುಂಡದಲ್ಲಿ ಆರು ತಿಂಗಳಿಗೆ ಗಟ್ಟಿಯಾಗಿ ಇಟ್ಟಿಗೆಯಂತಾಗುತ್ತದೆ. ನಾನು ಮೊದಲು ತಂದ ಮೂರು ಗಿಡಗಳು ಕೆಂಪು ಮಣ್ಣು ಮತ್ತು ಸಗಣಿ ಗೊಬ್ಬರದ ಮಿಶ್ರಣದಲ್ಲಿ ಬಂದಿದ್ದವು. ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದ ಅವು ಆರಿದ್ರಾ ಮಳೆ ಹಿಡಿದ ವಾರದಲ್ಲಿ ಒಂದರ ಹಿಂದೊಂದು ಬುಡ ಕೊಳೆತು ಹೋದವು. ಆಮೇಲೆ ಮಣ್ಣನ್ನು ಪೂರ್ತಿಯಾಗಿ ಕೈಬಿಟ್ಟೆ.

ಮಿಶ್ರಣಕ್ಕೆ ಅಳತೆ ಸರಳವಾಗಿದೆ: ತೊಳೆದ ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಕಾಳು) ಒಂದು ಪಾಲು, ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಅಭ್ರಕದಂತಹ ಖನಿಜ) ಒಂದು ಪಾಲು. ಮುಂದೆ ಹೇಳುವಂತೆ ಬತ್ತಿಯ ಮೂಲಕ ನೀರುಣಿಸುವ ವಿಚಾರವಿದ್ದರೆ ಪರ್ಲೈಟನ್ನು ಒಟ್ಟು ಮಿಶ್ರಣದ ಅರ್ಧದವರೆಗೂ ಏರಿಸಬಹುದು. ಇಲ್ಲಿ ‘ತೊಳೆದ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಟ್ಟಿಗೆಯ ಆಕಾರದಲ್ಲಿ ಮಾರುವ ಅಗ್ಗದ ಕೋಕೊಪೀಟಿನಲ್ಲಿ ಉಪ್ಪಿನಂಶ ಬಹಳವಿರುತ್ತದೆ. ಅದನ್ನು ಬಕೆಟ್ಟಿನಲ್ಲಿ ನೆನೆಸಿ, ಹಳೆಯ ಪಂಚೆಯಲ್ಲಿ ಹಿಂಡಿ, ಬಣ್ಣದ ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ನೀರು ಬದಲಿಸಬೇಕು. ಪರ್ಲೈಟ್ ಸಿಗದಿದ್ದರೆ ಹಾನಗಲ್ ಅಥವಾ ಕಲಘಟಗಿ ಕಡೆಯ ಭತ್ತದ ಹೊಟ್ಟನ್ನು ಬೂದಿಯಾಗಗೊಡದೆ ಕರಿಯಾಗುವಷ್ಟೇ ಸುಟ್ಟು, ತೊಳೆದು ಬಳಸಬಹುದು. ತೊಳೆಯದಿದ್ದರೆ ಅದರ ಕ್ಷಾರ ಗಿಡಕ್ಕೆ ಬಾಧೆ ಕೊಡುತ್ತದೆ, ಏಕೆಂದರೆ ಈ ಗಿಡಕ್ಕೆ ಸ್ವಲ್ಪವೇ ಹುಳಿಯ ಕಡೆಗಿರುವ, ಅಂದರೆ ಪಿಎಚ್ 6ರಿಂದ 6.8ರೊಳಗಿನ ಮಿಶ್ರಣ ಹಿತ. ಇದ್ದಿಲಿನ ಚೂರು ಒಂದು ಹಿಡಿ ಹಾಕಿದರೆ ಒಳ್ಳೆಯದೇ. ಎರೆಹುಳು ಗೊಬ್ಬರವನ್ನು ಮನೆಯೊಳಗಿನ ಕುಂಡಕ್ಕೆ ಹಾಕಬೇಡಿರೆಂದು ನಾನು ಹೇಳುತ್ತೇನೆ. ಅದರ ಜೊತೆ ಸಣ್ಣ ಕಪ್ಪು ಗುಂಗುರುಗಳೂ ಮನೆ ಸೇರುತ್ತವೆ.

ಕುಂಡದ ಗಾತ್ರದಲ್ಲಿ ಹೆಚ್ಚಿನವರು ಉದಾರಿಗಳಾಗಿ ಗಿಡ ಕಳೆದುಕೊಳ್ಳುತ್ತಾರೆ. ಗಿಡದ ಹರವಿನ ಮೂರನೆಯ ಒಂದು ಪಾಲು ಕುಂಡದ ಬಾಯಿ ಇದ್ದರೆ ಸಾಕು. ಮೂವತ್ತು ಸೆಂಟಿಮೀಟರ್ ಹರಡಿದ ಗಿಡಕ್ಕೆ ಹತ್ತು ಸೆಂಟಿಮೀಟರಿನ ಕುಂಡ ಸರಿ. ಚಿಕ್ಕ ತಳಿಗಳಿಗೆ ಐದಾರು ಸೆಂಟಿಮೀಟರಿನದೇ ಹೆಚ್ಚಾಯಿತು. ದೊಡ್ಡ ಕುಂಡದಲ್ಲಿ ಬೇರು ತಲುಪದ ಭಾಗ ಒದ್ದೆಯಾಗಿಯೇ ಉಳಿದು ಕೊಳೆ ಹುಟ್ಟಿಸುತ್ತದೆ, ಜೊತೆಗೆ ಬೇರು ಕುಂಡ ತುಂಬುವ ತನಕ ಗಿಡ ಹೂವಿನ ಯೋಚನೆಯನ್ನೇ ಮಾಡುವುದಿಲ್ಲ.

ನೀರು

ಪಕ್ಕದ ಮನೆಯವರೊಬ್ಬರು ಒಂದು ಸಂಜೆ ಕುಂಡ ಹಿಡಿದುಕೊಂಡೇ ಬಂದರು. “ಅಕ್ಕಾರ, ದಿನಾ ತಪ್ಪದಂಗ ನೀರ್ ಹಾಕ್ತೀನ್ರಿ, ಆದ್ರೂ ಎಲಿ ಜೋತ್ ಬೀಳಾಕತ್ತಾವ್ರಿ” ಎಂದರು. ಕುಂಡ ಕೈಗೆ ತೆಗೆದುಕೊಂಡಾಗ ಅದು ಕಲ್ಲಿನಷ್ಟು ಭಾರವಾಗಿತ್ತು. ಒಣಗಿ ಬಾಡಿದ ಗಿಡ ಮತ್ತು ನೀರು ಹೆಚ್ಚಾಗಿ ಬೇರು ಕೊಳೆತು ಬಾಡಿದ ಗಿಡ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ಎಲೆಗೆ ನೀರು ತಲುಪುತ್ತಿರುವುದಿಲ್ಲ. ಎಲೆ ಬಾಡಿದ್ದನ್ನು ಕಂಡೊಡನೆ ಚೊಂಬು ಹಿಡಿಯದೆ, ಮೊದಲು ಕುಂಡವನ್ನು ಎತ್ತಿ ತೂಕ ನೋಡಬೇಕು. ಹಗುರವಿದ್ದರೆ ನೀರು, ಭಾರವಿದ್ದರೆ ಬೇರಿನ ಪರೀಕ್ಷೆ. ಬೇರು ಕಂದಾಗಿ ಮೆತ್ತಗಾಗಿದ್ದರೆ ಕೊಳೆತದ್ದನ್ನೆಲ್ಲ ಕತ್ತರಿಸಿ, ಹೊರಸುತ್ತಿನ ಎಲೆಗಳನ್ನೂ ತೆಗೆದು, ಉಳಿದ ತಲೆಯನ್ನು ಹೊಸ ಮಿಶ್ರಣದಲ್ಲಿ ನೆಟ್ಟು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಮೂರು ನಾಲ್ಕು ವಾರ ಇಡುವುದೊಂದೇ ದಾರಿ. ಅವರ ಗಿಡ ಹೀಗೆಯೇ ಉಳಿಯಿತು.

ಮೇಲ್ಪದರ ಬೆರಳಿಗೆ ಒಣಗಿದಂತೆ ತಟ್ಟಿದಾಗ, ತಟ್ಟೆಯಲ್ಲಿ ಒಂದು ಬೆರಳಿನಷ್ಟು ನೀರಿಟ್ಟು ಅದರಲ್ಲಿ ಕುಂಡವನ್ನು ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ, ಉಳಿದ ನೀರನ್ನು ಚೆಲ್ಲುವುದು ಆರಂಭಿಕರಿಗೆ ಸುರಕ್ಷಿತ ಕ್ರಮ. ನೀರು ಕೋಣೆಯ ಉಷ್ಣಾಂಶದ್ದೇ ಆಗಿರಬೇಕು. ಡಿಸೆಂಬರಿನ ಮುಂಜಾನೆ ಸಿಂಟೆಕ್ಸಿನಿಂದ ನೇರವಾಗಿ ಬಂದ ತಣ್ಣೀರು ಎಲೆಯ ಮೇಲೆ ಬಿದ್ದರೆ ಆ ಜಾಗದಲ್ಲಿ ಬಿಳಿಚಿದ ಉಂಗುರದಂತಹ ಕಲೆಗಳು ಮೂಡಿ, ಎಲೆ ಇರುವಷ್ಟು ದಿನವೂ ಉಳಿಯುತ್ತವೆ. ಎಲೆಯ ಮೇಲಿನ ಧೂಳನ್ನು ಒರೆಸಲು ಮೆತ್ತನೆಯ ಬ್ರಷ್ ಸಾಕು.

ನೀರಿನ ಗುಣ ನಮ್ಮ ಕಡೆ ನೀರಿನ ಪ್ರಮಾಣದಷ್ಟೇ ದೊಡ್ಡ ಪ್ರಶ್ನೆ. ಮಲಪ್ರಭೆಯ ನಳದ ನೀರನ್ನು ರಾತ್ರಿಯಿಡೀ ತೆರೆದ ಬಕೆಟ್ಟಿನಲ್ಲಿ ಬಿಟ್ಟು ಬಳಸಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಬೋರ್‌ವೆಲ್ ನೀರಿನ ಮಾತು ಬೇರೆ. ಗದಗ ಮತ್ತು ಹುಬ್ಬಳ್ಳಿಯ ಹೊರವಲಯಗಳಲ್ಲಿ ಅದು ಸ್ಟೀಲ್ ಪಾತ್ರೆಯ ಮೇಲೆ ಬಿಳಿ ಕಲೆ ಬಿಡುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ಉಪ್ಪು ಕುಂಡದ ಅಂಚಿನಲ್ಲಿ ಹರಳುಗಟ್ಟಿ, ಅಲ್ಲಿಗೆ ತಾಗುವ ಎಲೆತೊಟ್ಟುಗಳನ್ನು ಸುಟ್ಟು ಮೆತ್ತಗೆ ಮಾಡುತ್ತದೆ. ಛಾವಣಿಯ ಮಳೆನೀರನ್ನು ಮೊದಲ ಒಂದೆರಡು ಮಳೆ ಬಿಟ್ಟು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಆರ್‌ಒ ಯಂತ್ರದ ಶುದ್ಧ ನೀರೂ ಆಗುತ್ತದೆ, ಆದರೆ ಅದು ಹೊರಬಿಡುವ ತ್ಯಾಜ್ಯ ನೀರನ್ನು ಉಳಿತಾಯದ ಆಸೆಗೆ ಗಿಡಕ್ಕೆ ಹಾಕಬಾರದು, ಏಕೆಂದರೆ ಉಪ್ಪೆಲ್ಲ ಸೇರಿರುವುದು ಅದರಲ್ಲಿಯೇ. ಯಾವ ನೀರು ಬಳಸಿದರೂ ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ನೀರೆರೆದು, ತಳದಿಂದ ಪೂರ್ತಿಯಾಗಿ ಬಸಿಯಲು ಬಿಟ್ಟರೆ ಕೂಡಿಕೊಂಡ ಉಪ್ಪು ತೊಳೆದುಹೋಗುತ್ತದೆ.

ಗಿಡಗಳು ಇಪ್ಪತ್ತು ದಾಟಿದ ಮೇಲೆ ಬತ್ತಿ ಅನಿವಾರ್ಯವಾಗುತ್ತದೆ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ದಾರದ ಒಂದೆಳೆಯನ್ನು ಕುಂಡದ ತೂತಿನ ಮೂಲಕ ಮಿಶ್ರಣದೊಳಗೆ ಹಾಯಿಸಿ, ಇನ್ನೊಂದು ತುದಿಯನ್ನು ಕೆಳಗಿನ ಡಬ್ಬಿಯ ನೀರಿಗೆ ಇಳಿಬಿಟ್ಟರೆ ಗಿಡ ತನಗೆ ಬೇಕಾದಷ್ಟನ್ನು ತಾನೇ ಎಳೆದುಕೊಳ್ಳುತ್ತದೆ. ಹತ್ತಿಯ ದಾರ ಕೊಳೆಯುವುದರಿಂದ ದೇವರ ದೀಪದ ಬತ್ತಿಯನ್ನು ಇದಕ್ಕೆ ಬಳಸಲಾಗದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಗೋಡೆಯೇ ಬೆವರುವಾಗ ಬತ್ತಿಯನ್ನು ನೀರಿನಿಂದ ಮೇಲೆತ್ತಿ, ಕುಂಡ ಹಗುರವಾದ ಮೇಲೆ ಮಾತ್ರ ಮತ್ತೆ ಇಳಿಸಬೇಕು.

ಗೊಬ್ಬರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನಿ ನೀರಾವರಿಯವರು ಬಳಸುವ, ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರ ಎಲ್ಲ ಕೃಷಿ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ನಾಲ್ಕು ಲೀಟರ್ ನೀರಿಗೆ ಒಂದು ಗ್ರಾಂ ಪ್ರಮಾಣದಲ್ಲಿ ಕರಗಿಸಿ ಪ್ರತಿ ಸಲವೂ ಆ ನೀರನ್ನೇ ಕೊಡಬಹುದು. ಅದರ ಸಾರಜನಕದ ಒಂದು ಪಾಲು ಯೂರಿಯಾ ರೂಪದಲ್ಲಿರುವುದರಿಂದ ಪ್ರಮಾಣ ಮೀರಿದರೆ ಬೇರು ಸುಡುತ್ತದೆ. ನಡುವಿನ ಎಲೆಗಳು ತುಕ್ಕಿನ ಬಣ್ಣಕ್ಕೆ ತಿರುಗಿ ಗಟ್ಟಿಯಾದರೆ ಗೊಬ್ಬರ ಹೆಚ್ಚಾಯಿತೆಂದು ತಿಳಿಯಬೇಕು.

ಕಿಟಕಿ ಮತ್ತು ತಿಂಗಳು

ಪೂರ್ವದ ಕಿಟಕಿಯಿಂದ ಒಂದೆರಡು ಅಡಿ ಒಳಗಿನ ಜಾಗ ವರ್ಷವಿಡೀ ನಂಬಬಹುದಾದದ್ದು. ಅಲ್ಲಿ ಬೆಳಗಿನ ಎಳೆಬಿಸಿಲು ತೆಳು ಪರದೆಯ ಮೂಲಕ ಬಂದರೆ ಒಳ್ಳೆಯದೇ ಆಗುತ್ತದೆ. ದಕ್ಷಿಣದ ಕಿಟಕಿ ದೀಪಾವಳಿಯಿಂದ ಶಿವರಾತ್ರಿಯವರೆಗೆ ಮೋಸ ಮಾಡುತ್ತದೆ. ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಧ್ಯಾಹ್ನದ ಬಿಸಿಲು ಪಡಸಾಲೆಯೊಳಗೆ ಚಾಚಿಕೊಂಡು, ಮಳೆಗಾಲದಲ್ಲಿ ಅಲ್ಲಿ ಸುಖವಾಗಿದ್ದ ಗಿಡಗಳ ಎಲೆಯನ್ನು ಬಿಳಿಚಿಸುತ್ತದೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲವೆಂಬ ನಂಬಿಕೆ ನಮ್ಮ ಅಕ್ಷಾಂಶಕ್ಕೆ ಪೂರ್ತಿ ಹೊಂದುವುದಿಲ್ಲ: ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಧಾರವಾಡದಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ ನಂತರ ಮೋಡವೇ ಪರದೆಯಾಗುತ್ತದೆ. ಮೇ ತಿಂಗಳಲ್ಲಿ ಮಾತ್ರ ಕಣ್ಣಿಡಬೇಕು. ಪಶ್ಚಿಮದ ಕಿಟಕಿಯನ್ನು ಬಿಟ್ಟುಬಿಡಿ.

ಬೆಳಕು ಸಾಕೋ ಸಾಲದೋ ಎಂಬುದನ್ನು ಗಿಡವೇ ತಿಳಿಸುತ್ತದೆ. ತೊಟ್ಟುಗಳು ಉದ್ದವಾಗಿ ಎಲೆಗಳು ಮೇಲೆ ಚಾಚಿದ್ದರೆ ಬೆಳಕು ಕಡಿಮೆ. ಎಲೆಗಳು ಕೆಳಗೆ ಬಾಗಿ ಕುಂಡವನ್ನು ಅಪ್ಪಿಕೊಂಡು ನಡು ಬಿಗಿಯಾಗಿದ್ದರೆ ಬೆಳಕು ಹೆಚ್ಚು. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆಗೆ ವಾಲದೆ ದುಂಡಗೆ ಬೆಳೆಯುತ್ತದೆ. ಕಿಟಕಿ ಸಾಲದವರು ನಾಲ್ಕು ಅಡಿಯ ಎರಡು ಎಲ್‌ಇಡಿ ಟ್ಯೂಬುಗಳನ್ನು ಕಪಾಟಿನ ಪ್ರತಿ ಹಲಗೆಯ ಕೆಳಗೆ ಹಾಕಿ, ಗಿಡದ ನೆತ್ತಿಯಿಂದ ಸುಮಾರು ಮೂವತ್ತು ಸೆಂಟಿಮೀಟರ್ ಮೇಲೆ ಇರುವಂತೆ ನೋಡಿಕೊಂಡು, ದಿನಕ್ಕೆ ಹತ್ತರಿಂದ ಹನ್ನೆರಡು ತಾಸು ಉರಿಸಿದರೆ ಕಿಟಕಿಗಿಂತ ಚೆನ್ನಾದ ಹೂ ಬರುತ್ತದೆ. ರಾತ್ರಿಯ ಕತ್ತಲೆಯೂ ಗಿಡಕ್ಕೆ ಬೇಕು.

ಹದಿನೆಂಟರಿಂದ ಇಪ್ಪತ್ತಾರು ಡಿಗ್ರಿ ಇದಕ್ಕೆ ಹಿತವಾದ ಉಷ್ಣಾಂಶವಾದ್ದರಿಂದ, ಧಾರವಾಡದವರಿಗೆ ಮೃಗಶಿರಾ ಮಳೆಯಿಂದ ಮಾಘದವರೆಗೆ ವಿಶೇಷ ಕಷ್ಟವಿಲ್ಲ. ಪುಷ್ಯ ಮಾಸದ ಕೆಲವು ರಾತ್ರಿಗಳಲ್ಲಿ ಪಾದರಸ ಹದಿನೈದು ಡಿಗ್ರಿಗಿಂತ ಕೆಳಗಿಳಿದಾಗ ಕುಂಡಗಳನ್ನು ಕಿಟಕಿಯ ಗಾಜಿನಿಂದ ಒಳಗೆ ಸರಿಸಿದರಾಯಿತು. ಹುಬ್ಬಳ್ಳಿ, ಗದಗ, ಹಾವೇರಿಯವರ ಪರೀಕ್ಷೆ ಯುಗಾದಿಯ ನಂತರ ಶುರುವಾಗುತ್ತದೆ. ಮೂವತ್ತು ಡಿಗ್ರಿ ದಾಟಿದ ಮೇಲೆ ಮೊಗ್ಗು ಉದುರುತ್ತದೆ, ಮೂವತ್ತೈದರ ಮೇಲೆ ಗಿಡ ಬರೀ ಜೀವ ಹಿಡಿದುಕೊಂಡಿರುತ್ತದೆ. ಆಗ ಹೂ ಮೊಗ್ಗುಗಳನ್ನು ಚಿವುಟಿ, ಗೊಬ್ಬರ ನಿಲ್ಲಿಸಿ, ಕುಂಡಗಳನ್ನು ಮನೆಯ ಅತಿ ತಂಪಾದ ಕೋಣೆಯ ನೆಲದ ಮೇಲೆ, ಒದ್ದೆ ಗೋಣಿಚೀಲದ ಪಕ್ಕ ಇಡಬೇಕು. ಕೂಲರ್ ಇರುವ ಕೋಣೆ ಒಳ್ಳೆಯದು, ಆದರೆ ಅದರ ಗಾಳಿ ನೇರವಾಗಿ ಬಡಿಯಬಾರದು.

ತಳಿಗಳ ಲೆಕ್ಕ

ಕಾಡಿನ ಗಿಡದ ಹೂ ನೀಲಿ ಛಾಯೆಯ ನೇರಳೆ, ಒಂಟಿ ಸುತ್ತಿನದು. ಲಾಸ್ ಏಂಜಲೀಸಿನ ಆರ್ಮಾಕಾಸ್ಟ್ ಮತ್ತು ರಾಯ್‌ಸ್ಟನ್ ಎಂಬ ನರ್ಸರಿಯವರು ಯುರೋಪಿನಿಂದ ತರಿಸಿದ ಬೀಜಗಳ ಸಸಿಗಳಲ್ಲಿ ಹತ್ತನ್ನು ಆರಿಸಿ, 1926ರ ಸುಮಾರಿಗೆ ಹೆಸರಿಟ್ಟು ಮಾರಾಟಕ್ಕೆ ತಂದದ್ದೇ ಇಂದಿನ ತಳಿಗಳ ಬುಡ. ಅವುಗಳಲ್ಲೊಂದು ಬ್ಲೂ ಬಾಯ್. ಆಮೇಲೆ 1941ರಲ್ಲಿ ಎಲೆಯ ಬುಡದಲ್ಲಿ ತಿಳಿ ಮಚ್ಚೆಯುಳ್ಳ ಬ್ಲೂ ಗರ್ಲ್ ಬಂದಿತು. ಮಚ್ಚೆಯಿಲ್ಲದ ಎಲೆಗೆ ‘ಬಾಯ್’, ಮಚ್ಚೆಯ ಎಲೆಗೆ ‘ಗರ್ಲ್’ ಎನ್ನುವ ರೂಢಿ ಸಂಗ್ರಾಹಕರಲ್ಲಿ ಇಂದಿಗೂ ಇದೆ. 1946ರಲ್ಲಿ ಸ್ಥಾಪನೆಯಾದ ಅಮೆರಿಕದ ಆಫ್ರಿಕನ್ ವಯೊಲೆಟ್ ಸಂಘ ತಳಿಗಳನ್ನು ನೋಂದಾಯಿಸುತ್ತ ಬಂದಿದೆ. ಈಗ ನಮ್ಮಲ್ಲಿ ಕೈ ಬದಲಾಗುವ ಎಲೆಗಳ ಚೀಟಿಯಲ್ಲಿ ಎಲ್‌ಇ, ಇಕೆ, ಆರ್‌ಎಸ್ ಮುಂತಾದ ಅಕ್ಷರಗಳು ಹೆಸರಿನ ಮೊದಲು ಕಾಣಿಸಿದರೆ, ಅವು ಉಕ್ರೇನ್ ಮತ್ತು ರಷ್ಯಾದ ತಳಿಗಾರರ ಗುರುತುಗಳೆಂದು ತಿಳಿಯಬೇಕು. ಅವರ ತಳಿಗಳ ಹೂ ಬಹಳ ದೊಡ್ಡದು, ಗಿಡದ ಹಟವೂ ಅಷ್ಟೇ ದೊಡ್ಡದು. ಮೊದಲ ವರ್ಷದಲ್ಲಿ ಅವುಗಳ ಹಿಂದೆ ಬೀಳದಿರುವುದು ವಾಸಿ.

ಗಾತ್ರವನ್ನು ಗಿಡದ ಹರವಿನಿಂದ ಅಳೆಯುತ್ತಾರೆ. ಹದಿನೈದು ಸೆಂಟಿಮೀಟರಿನೊಳಗಿನದು ಮಿನಿಯೇಚರ್, ಇಪ್ಪತ್ತರೊಳಗಿನದು ಸೆಮಿ ಮಿನಿಯೇಚರ್, ನಲವತ್ತರವರೆಗಿನದು ಸ್ಟ್ಯಾಂಡರ್ಡ್, ಅದಕ್ಕೂ ಮೇಲಿನದು ಲಾರ್ಜ್. ಹಲವು ತಲೆ ಒಡೆದು ಹಬ್ಬುವ ಟ್ರೇಲರ್‌ಗಳು ಬೇರೆ. ಜಾಗ ಸಣ್ಣದಿದ್ದವರು ಸೆಮಿ ಮಿನಿಯೇಚರ್‌ಗಳಿಂದಲೇ ಸಂಗ್ರಹ ಕಟ್ಟುವುದು ಜಾಣತನ. ಎರಡು ದೊಡ್ಡ ಗಿಡಗಳ ಜಾಗದಲ್ಲಿ ಎಂಟು ಕೂರುತ್ತವೆ. ಆದರೆ ಪುಟ್ಟ ಕುಂಡ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಊರಿಗೆ ಹೋಗುವವರು ಬತ್ತಿಯಿಲ್ಲದೆ ಅವನ್ನು ಸಾಕಲಾಗದು.

ಹೂವಿನಲ್ಲಿ ಒಂಟಿ ಸುತ್ತು, ಅರೆ ಜೋಡಿ, ಪೂರ್ಣ ಜೋಡಿ, ನಕ್ಷತ್ರಾಕಾರ, ಗಂಟೆಯಾಕಾರ ಎಂಬ ಭೇದಗಳಿವೆ. ಬಣ್ಣದಲ್ಲಿ ನೀಲಿ, ನೇರಳೆ, ಗುಲಾಬಿ, ಹವಳ, ಬಿಳಿ ಇವೆಲ್ಲ ಸಿಗುತ್ತವೆ; ನಮ್ಮ ಸೇವಂತಿಗೆಯಂತಹ ತುಂಬು ಹಳದಿ ಮಾತ್ರ ಇಲ್ಲ, ಹಳದಿ ಎಂದು ಹೇಳಿಕೊಳ್ಳುವವು ಬೆಣ್ಣೆಯ ಛಾಯೆಯ ಆಸುಪಾಸಿನವು. ಅಂಚಿಗೆ ಬೇರೆ ಬಣ್ಣ ಕಟ್ಟಿದವು, ಎಸಳಿನ ಮೇಲೆ ಚಿಮುಕಿಸಿದಂತೆ ಚುಕ್ಕೆಗಳಿರುವ ಫ್ಯಾಂಟಸಿಗಳು, ನಡುವಿನಿಂದ ಗಿರಿಗಿಟ್ಟಲೆಯಂತೆ ಪಟ್ಟೆಗಳಿರುವ ಕೈಮೆರಾಗಳು ಸಂಗ್ರಾಹಕರ ಆಸೆಯ ಮೆಟ್ಟಿಲುಗಳು. ಎಲೆಯಲ್ಲಿಯೇ ಬಿಳಿ, ಕೆನೆ, ಗುಲಾಬಿ ಬೆರೆತ ವೆರಿಗೇಟೆಡ್ ತಳಿಗಳು ಹೂವಿಲ್ಲದಾಗಲೂ ಚೆಂದ. ಸೆಕೆಯಲ್ಲಿ ಅವುಗಳ ಬಿಳಿಪು ಕಡಿಮೆಯಾಗಿ ಹಸಿರು ಏರುತ್ತದೆ, ಚಳಿಗೆ ಮರಳುತ್ತದೆ. ಅದನ್ನು ಕಂಡು ಗಿಡ ಕೆಟ್ಟಿತೆಂದು ಎಸೆಯಬಾರದು.

ಮೊದಲ ಆರು ಗಿಡಗಳನ್ನು ಆರು ಬೇರೆ ಬೇರೆ ಬಗೆಯಿಂದ ಆರಿಸಿಕೊಳ್ಳಿ. ನೀಲಿಯ ಹನ್ನೆರಡು ಛಾಯೆಗಳನ್ನು ಕೂಡಿಸಿದವರಿಗೆ ಎರಡು ವರ್ಷದ ನಂತರ ಯಾವುದು ಯಾವುದೆಂದು ತಮಗೇ ತಿಳಿಯದು. ಹೆಸರಿನ ಚೀಟಿ ಕಳೆದುಹೋದ ಗಿಡ ಚೆಂದವಾಗಿರಬಹುದು, ಆದರೆ ಸಂಗ್ರಹದ ಲೆಕ್ಕದಲ್ಲಿ ಅದು ‘ನೋ ಐಡಿ’. ಫೋಟೊ ನೋಡಿ ಅದಕ್ಕೊಂದು ಹೆಸರು ಅಂಟಿಸುವುದು ಸುಳ್ಳು ಸಾಕ್ಷಿ ಹೇಳಿದಂತೆ, ಏಕೆಂದರೆ ಒಂದೇ ರೀತಿ ಕಾಣುವ ತಳಿಗಳು ಬಹಳ ಇವೆ. ಹಳೆಯ ಪ್ಲಾಸ್ಟಿಕ್ ಡಬ್ಬಿಯನ್ನು ಪಟ್ಟಿಯಾಗಿ ಕತ್ತರಿಸಿ, ಸೀಸದ ಕಡ್ಡಿಯಿಂದ ಹೆಸರು, ತಂದ ದಿನ, ಕೊಟ್ಟವರ ಗುರುತನ್ನು ಬರೆದು ಕುಂಡದೊಳಗೆ ಚುಚ್ಚಬೇಕು. ಮಾರ್ಕರ್ ಮಸಿ ಬೆಳಕಿಗೆ ಅಳಿಸಿಹೋಗುತ್ತದೆ, ಸೀಸ ಉಳಿಯುತ್ತದೆ. ಅದೇ ವಿವರವನ್ನು ಒಂದು ನೋಟುಬುಕ್ಕಿನಲ್ಲಿಯೂ ಬರೆದು, ಮೊದಲ ಹೂ ಬಂದಾಗ ತಳಿಯ ವರ್ಣನೆಯೊಡನೆ ಹೋಲಿಸಿ ನೋಡಿ, ಸರಿಯೆನಿಸಿದರೆ ಗುರುತು ಹಾಕಬೇಕು. ಸೆಕೆಯಲ್ಲಿ ಬಂದ ಹೂವಿನಿಂದ ತೀರ್ಪು ಕೊಡದೆ, ಶೀಗಿ ಹುಣ್ಣಿಮೆಯ ನಂತರದ ಹೂವಿಗಾಗಿ ಕಾಯುವುದು ಒಳ್ಳೆಯದು.

ಎಲೆಯಿಂದ ಗಿಡ

ಇಡೀ ಗಿಡಕ್ಕಿಂತ ಎಲೆ ಅಗ್ಗ, ಅಂಚೆಯಲ್ಲಿ ಸುರಕ್ಷಿತ, ಮತ್ತು ಒಂದೇ ಎಲೆಯಿಂದ ಮೂರು ನಾಲ್ಕು ಮರಿಗಳು ಬರುತ್ತವೆ. ತರಿಸುವುದಾದರೆ ಜುಲೈಯಿಂದ ಫೆಬ್ರುವರಿಯೊಳಗೆ ತರಿಸಬೇಕು. ಏಪ್ರಿಲ್‌ನ ಕೊರಿಯರ್ ಗೋದಾಮಿನಲ್ಲಿ ಎಲೆ ಬೇಯುತ್ತದೆ. ಬಂದ ಎಲೆ ಬಾಡಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ಪೂರ್ತಿ ಮುಳುಗಿಸಿಟ್ಟರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ಸ್ವಂತ ಗಿಡದಿಂದ ತೆಗೆಯುವಾಗ ಹೊರಸುತ್ತಿನ ಮುದಿ ಎಲೆಯನ್ನೂ ನಡುವಿನ ಎಳೆಯದನ್ನೂ ಬಿಟ್ಟು, ಎರಡನೆಯ ಅಥವಾ ಮೂರನೆಯ ಸುತ್ತಿನ ಎಲೆಯನ್ನು ಆರಿಸಬೇಕು. ತೊಟ್ಟನ್ನು ಸುಮಾರು ಮೂರು ಸೆಂಟಿಮೀಟರ್ ಉಳಿಸಿ, ಹೊಸ ಬ್ಲೇಡಿನಿಂದ ಓರೆಯಾಗಿ, ಕೊಯ್ದ ಮುಖ ಎಲೆಯ ಮೇಲ್ಭಾಗದ ಕಡೆಗಿರುವಂತೆ ಕೊಯ್ಯಬೇಕು. ಮರಿಗಳಿಗೆ ಹೊರಬರಲು ದಾರಿ ಸುಲಭವಾಗುತ್ತದೆ. ತಳದಲ್ಲಿ ತೂತು ಮಾಡಿದ ಚಹಾದ ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ಕೋಕೊಪೀಟ್, ಅರ್ಧ ಪರ್ಲೈಟ್ ತುಂಬಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿಟ್ಟು, ತೊಟ್ಟನ್ನು ಒಂದೂವರೆ ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ನೆಡಬೇಕು. ಲೋಟಗಳನ್ನೆಲ್ಲ ಮುಚ್ಚಳದ ಪಾರದರ್ಶಕ ಡಬ್ಬಿಯೊಳಗೆ ಬೆಳಕಿರುವ ಜಾಗದಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರು, ಎಂಟರಿಂದ ಹನ್ನೆರಡು ವಾರಗಳಲ್ಲಿ ಇಲಿಯ ಕಿವಿಯಂತಹ ಮರಿಗಳು ಕಾಣಿಸುತ್ತವೆ. ನಡುವೆ ಎಲೆಯನ್ನು ಎಳೆದೆಳೆದು ಬೇರು ಬಂತೇ ಎಂದು ನೋಡುವ ಚಟವನ್ನು ಅದುಮಿಡಬೇಕು. ಮರಿಯ ಎಲೆ ಹತ್ತು ರೂಪಾಯಿ ನಾಣ್ಯದಷ್ಟಾದಾಗ ಬೇರ್ಪಡಿಸಿ, ಒಂದೊಂದನ್ನೂ ಸಣ್ಣ ಕುಂಡಕ್ಕೆ ಇಳಿಸಿ, ಹತ್ತು ದಿನ ಮುಚ್ಚಿಟ್ಟು ನಿಧಾನವಾಗಿ ಹೊರಗಿನ ಗಾಳಿಗೆ ಒಗ್ಗಿಸಬೇಕು. ಎಲೆ ನೆಟ್ಟ ದಿನದಿಂದ ಹೂವಿಗೆ ಎಂಟು ಹತ್ತು ತಿಂಗಳು ಹಿಡಿಯುತ್ತದೆ.

ದೊಡ್ಡ ಗಿಡದ ಕಂಕುಳಲ್ಲಿ ಹುಟ್ಟುವ ಮರಿತಲೆಗಳನ್ನು ಚಿವುಟುತ್ತಿರಬೇಕು, ಇಲ್ಲವಾದರೆ ದುಂಡಗಿನ ಸುತ್ತು ಕೆಟ್ಟು ಪೊದೆಯಾಗುತ್ತದೆ. ಕೆಳಗಿನ ಎಲೆಗಳು ಉದುರಿ ಕುತ್ತಿಗೆ ಕಾಣತೊಡಗಿದಾಗ, ಅಂದರೆ ಆರು ತಿಂಗಳಿಗೊಮ್ಮೆ, ಬೇರಿನ ಗಡ್ಡೆಯ ತಳವನ್ನು ಕುತ್ತಿಗೆಯ ಉದ್ದದಷ್ಟೇ ಕತ್ತರಿಸಿ, ಅದೇ ಗಾತ್ರದ ಕುಂಡದಲ್ಲಿ ಗಿಡವನ್ನು ಕೆಳಗಿಳಿಸಿ ನೆಟ್ಟರೆ ಕುತ್ತಿಗೆಯಿಂದ ಹೊಸ ಬೇರು ಹೊರಡುತ್ತದೆ.

ಎಲೆಯಿಂದ ಬಾರದವು

ಬಿಳಿ ಎಸಳಿನ ನಡುವೆ ನೀಲಿ ಪಟ್ಟೆಯಿದ್ದ ಒಂದು ಕೈಮೆರಾದ ಎಲೆಯನ್ನು ದುಡ್ಡು ಕೊಟ್ಟು ತರಿಸಿ ಹತ್ತು ತಿಂಗಳು ಸಾಕಿದ್ದೆ. ಬಂದ ಐದು ಮರಿಗಳಲ್ಲಿ ಐದೂ ಸಾದಾ ನೀಲಿ ಬಿಟ್ಟವು. ಕಾರಣ ಆಮೇಲೆ ತಿಳಿಯಿತು. ಕೈಮೆರಾದಲ್ಲಿ ಹೊರಪದರದ ಜೀವಕೋಶಗಳ ಗುಣವೊಂದು, ಒಳಪದರದ್ದು ಇನ್ನೊಂದು; ಪಟ್ಟೆ ಮೂಡುವುದು ಎರಡೂ ಜೊತೆಯಾಗಿರುವುದರಿಂದ. ಎಲೆಯಿಂದ ಹುಟ್ಟುವ ಮರಿ ಹೊರಪದರದ ಜೀವಕೋಶಗಳಿಂದ ಏಳುವುದರಿಂದ ಆ ಜೋಡಿ ಮುರಿಯುತ್ತದೆ. ಆದ್ದರಿಂದ ಕೈಮೆರಾ ಬೇಕಾದವರು ಮರಿತಲೆಯನ್ನೇ ಕೊಳ್ಳಬೇಕು, ಇಲ್ಲವೇ ಹೂದಂಟಿನ ಮೇಲಿರುವ ಪುಟ್ಟ ಎಲೆಗಳ ಕಂಕುಳಿಂದ ಗಿಡ ಎಬ್ಬಿಸಬೇಕು. ಅದಕ್ಕಾಗಿ ಹೂಗಳನ್ನು ತೆಗೆದ ದಂಟನ್ನು ಆ ಪುಟ್ಟ ಎಲೆಗಳು ಮಿಶ್ರಣಕ್ಕೆ ತಾಗುವಂತೆ ನೆಟ್ಟು, ಎಲೆಗಿಂತ ಹೆಚ್ಚಿನ ತಾಳ್ಮೆಯಿಂದ ಕಾಯಬೇಕು. ಹಾಗಾಗಿ ‘ಅಪರೂಪದ ಕೈಮೆರಾ ಎಲೆ’ ಎಂಬ ಜಾಹೀರಾತು ಕಂಡರೆ ದುಡ್ಡು ಬಿಚ್ಚಬೇಡಿ. ಫ್ಯಾಂಟಸಿಗಳಲ್ಲಿ ಎಲೆಯ ಮರಿಗಳ ಪೈಕಿ ಕೆಲವು ಚುಕ್ಕೆ ಕಳೆದುಕೊಳ್ಳುತ್ತವೆ. ಹೂ ನೋಡಿದ ಮೇಲೆಯೇ ಅವಕ್ಕೆ ತಾಯಿಯ ಹೆಸರು ಕೊಡಬೇಕು. ಪರಾಗಸ್ಪರ್ಶ ಮಾಡಿ ಬೀಜದಿಂದ ಬೆಳೆಸಿದ ಸಸಿಯಂತೂ ಹೊಸದೇ ಗಿಡವಾದ್ದರಿಂದ ತಾಯಿಯ ಹೆಸರು ಅದಕ್ಕೆ ಸಲ್ಲುವುದಿಲ್ಲ.

ಹೊಸ ಗಿಡದ ಪ್ರತ್ಯೇಕ ವಾಸ

ಸಂಗ್ರಹಗಳು ಹಾಳಾಗುವುದು ಹೆಚ್ಚಾಗಿ ಉಡುಗೊರೆಯಾಗಿ ಬಂದ ಗಿಡದಿಂದ. ಯಾರೇ ಕೊಟ್ಟಿರಲಿ, ಹೊಸ ಗಿಡವನ್ನು ಆರರಿಂದ ಎಂಟು ವಾರ ಬೇರೆ ಕೋಣೆಯಲ್ಲಿಟ್ಟು, ಅದನ್ನು ಮುಟ್ಟಿದ ಕೈಯನ್ನು ತೊಳೆದೇ ಉಳಿದವನ್ನು ಮುಟ್ಟಬೇಕು. ಎಲೆಯ ಕಂಕುಳಲ್ಲಿ ಹತ್ತಿಯ ಚೂರಿನಂತೆ ಹಿಟ್ಟು ತಿಗಣೆ ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಒಂದೊಂದನ್ನೇ ಒರೆಸಿ, ವಾರಕ್ಕೊಮ್ಮೆ ಒಂದು ತಿಂಗಳು ಪರೀಕ್ಷಿಸಬೇಕು. ಎಸಳಿನ ಮೇಲೆ ಹಳದಿ ಪರಾಗ ಚೆಲ್ಲಿದ್ದರೆ ಥ್ರಿಪ್ಸ್ ಎಂಬ ಪುಟ್ಟ ಕೀಟ ಇದೆಯೆಂದೇ ಲೆಕ್ಕ. ಮನೆಯ ಎಲ್ಲ ಗಿಡಗಳ ಹೂ ಮೊಗ್ಗುಗಳನ್ನು ಕಿತ್ತು ಆರೇಳು ವಾರ ಹೂವಿಲ್ಲದೆ ಇರಿಸಿದರೆ, ಆಹಾರವಾದ ಪರಾಗ ಸಿಗದೆ ಅದರ ಕಾಟ ಬಹಳ ಮಟ್ಟಿಗೆ ತಗ್ಗುತ್ತದೆ. ನಡುವಿನ ಎಲೆಗಳು ಬೂದು ಬಣ್ಣಕ್ಕೆ ತಿರುಗಿ, ರೋಮ ದಟ್ಟವಾಗಿ, ಮುದುಡಿ, ಮುಟ್ಟಿದರೆ ಮುರಿಯುವಂತಾದರೆ ಅದು ಕಣ್ಣಿಗೆ ಕಾಣದ ಸೈಕ್ಲಮೆನ್ ನುಸಿಯ ಕೆಲಸ. ಆ ಗಿಡ ಎಷ್ಟೇ ಬೆಲೆಯದ್ದಾಗಿರಲಿ, ಚೀಲದಲ್ಲಿ ಕಟ್ಟಿ ಮನೆಯಿಂದ ಹೊರಹಾಕುವುದೇ ಸರಿ. ಬೇವಿನೆಣ್ಣೆಯನ್ನು ಎಲ್ಲಕ್ಕೂ ಮದ್ದೆಂದು ಹೇಳುವವರಿದ್ದಾರೆ. ರೋಮದ ಎಲೆಯ ಮೇಲೆ ಎಣ್ಣೆ ಕೂತು ಬೆಳಕಿಗೆ ಸುಡುವುದನ್ನು ನಾನು ನೋಡಿರುವುದರಿಂದ, ಬಳಸುವುದಾದರೆ ಮೊದಲು ಒಂದೇ ಎಲೆಯ ಮೇಲೆ ಸಂಜೆ ಹೊತ್ತು ಪ್ರಯೋಗಿಸಿ ಎನ್ನುತ್ತೇನೆ.

ಪ್ರತಿಯೊಂದು ತಳಿಯ ಒಂದು ಮರಿಯನ್ನಾದರೂ ಬೇರೆ ಮನೆಯ ಕಿಟಕಿಗೆ ಕಳುಹಿಸಿರಬೇಕು. ಒಂದು ಬೇಸಿಗೆಯಲ್ಲಿ ನನ್ನ ಕಪಾಟಿನ ಹನ್ನೊಂದು ತಳಿಗಳು ಹೋದಾಗ, ಅವುಗಳಲ್ಲಿ ಏಳು ಹಾವೇರಿಯ ಗೆಳತಿಯ ಅಡುಗೆಮನೆಯಿಂದ ಎಲೆಗಳಾಗಿ ಮರಳಿ ಬಂದವು. ಹಾಗೆ ಕಳುಹಿಸುವಾಗ ತೊಟ್ಟಿಗೆ ಒದ್ದೆ ಟಿಶ್ಯೂ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಎಲೆಯ ಹಿಂಬದಿಯಲ್ಲಿಯೇ ಬಾಲ್‌ಪೆನ್ನಿನಿಂದ ಮೆಲ್ಲಗೆ ತಳಿಯ ಹೆಸರನ್ನು ಬರೆಯಿರಿ. ಚೀಟಿ ದಾರಿಯಲ್ಲಿ ಅದಲುಬದಲಾದರೂ ಎಲೆಯ ಮೇಲಿನ ಹೆಸರು ಮರಿ ಹುಟ್ಟುವ ತನಕ ಓದಲು ಸಿಗುತ್ತದೆ.